ಒಲೆಯಲ್ಲಿ ಬೆಕ್ಕು

ಕೊತ್ತಂಬರಿ ಸೊಪ್ಪು ಕೀಳಲು ಬಗ್ಗಿದವನ ಕೈಗೆ ಸಿಕ್ಕಿದ್ದೇ ಬೇರೆ. ಇನ್ನೂ ಬೆಳಕು ಸರಿಯಾಗಿ ಹರಿದಿರಲಿಲ್ಲ. ಒಳಗೆ ಚಿತ್ರಾನ್ನಕ್ಕೆ ಒಗ್ಗರಣೆ ಸಿಡಿಯುತ್ತಿತ್ತು. ನಾಲ್ಕೈದು ಸಸಿ ಬೇರು ಮೇಲಾಗಿ ಬಿದ್ದಿದ್ದವು, ಮಣ್ಣು ಕೆದರಿತ್ತು, ಬೆರಳಿಗೆ ಮೆತ್ತಗೆ ಏನೋ ತಾಗಿತು. ವಾಸನೆ ಬಂದ ಮೇಲೆ ಅನುಮಾನ ಉಳಿಯಲಿಲ್ಲ. ಮೂರು ಸಲ ಸೋಪು ಹಾಕಿ ಕೈ ತೊಳೆದೆ. ಆದರೂ ಅವತ್ತು ಚಿತ್ರಾನ್ನವನ್ನು ಚಮಚದಲ್ಲೇ ತಿಂದೆ.

"ಏನಾಯ್ತೋ?" ಅಂತ ಅಮ್ಮ ಊಟದ ಮೇಜಿನಿಂದಲೇ ಕೇಳಿದಳು. "ಬೆಕ್ಕು ಮಡಿ ಎಲ್ಲಾ ಹಾಳು ಮಾಡಿದೆ ಅಮ್ಮ" ಅಂದೆ. ಆಗ ಅವಳ ಮುಖ ನೋಡಬೇಕಿತ್ತು. ಬೆಕ್ಕು ದೇವರ ಕೋಣೆಗೇ ನುಗ್ಗಿತು ಅಂದುಕೊಂಡಿದ್ದಳು. ನಾನು ಹೇಳಿದ್ದು ಕೊತ್ತಂಬರಿ ಮಡಿ ಅಂತ ತಿಳಿದ ಮೇಲೆ ಜೋರಾಗಿ ನಕ್ಕಳು. ನನಗೆ ನಗು ಬರಲಿಲ್ಲ. ಅಂಗಡಿಯಿಂದ ಕೊತ್ತಂಬರಿ ಬೀಜ ತಂದು, ನೆಲದ ಮೇಲೆ ಹರಡಿ, ಚಪ್ಪಲಿಯಲ್ಲಿ ಉಜ್ಜಿ ಎರಡು ಹೋಳು ಮಾಡಿ, ರಾತ್ರಿಯಿಡೀ ನೆನೆಸಿ ಹಾಕಿದ್ದೆ. ಹತ್ತು ದಿನ ಕಾದ ಮೇಲೆ ಎರಡೆಲೆ ಕಾಣಿಸಿತ್ತು. ಇಷ್ಟೆಲ್ಲಾ ಮಾಡಿ ನಾನು ತಯಾರು ಮಾಡಿಕೊಟ್ಟದ್ದು ಊರ ಬೆಕ್ಕುಗಳಿಗೆ ಒಂದು ಮೆತ್ತನೆಯ ಕಕ್ಕಸು.

ಬೆಕ್ಕಿನ ಕಡೆಯಿಂದ ನೋಡಿದರೆ ಅದರದ್ದೇನೂ ತಪ್ಪಿಲ್ಲ. ಸಡಿಲ ಮಣ್ಣು, ಕೆದರಿದರೆ ಸುಲಭವಾಗಿ ಗುಂಡಿ ಆಗಬೇಕು, ಮುಚ್ಚಲು ಪುಡಿ ಮಣ್ಣು ಬೇಕು. ನಾನು ತೋಟಗಾರಿಕೆ ವಿಡಿಯೋ ನೋಡಿ ಕೋಕೋಪೀಟು, ಮರಳು, ಗೊಬ್ಬರ ಬೆರೆಸಿ ಮಾಡಿದ್ದು ಅದನ್ನೇ ತಾನೇ? ಶಿವಮೊಗ್ಗದ ನಮ್ಮ ಬೀದಿಯಲ್ಲಿ ಈಗ ಮಣ್ಣು ಉಳಿದಿರುವುದೇ ಮೂರು ಮನೆಯಲ್ಲಿ. ಮಿಕ್ಕ ಕಡೆ ಕಾಂಪೌಂಡಿನಿಂದ ಕಾಂಪೌಂಡಿಗೆ ಟೈಲ್ಸು, ಸಿಮೆಂಟು. ಬೆಕ್ಕು ಪಾಪ ಎಲ್ಲಿಗೆ ಹೋಗಬೇಕು? ಇದನ್ನೆಲ್ಲ ಈಗ ಬರೆಯುವಾಗ ಹೇಳುತ್ತಿದ್ದೇನೆ. ಆವತ್ತು ನಾನು ಇಷ್ಟು ಒಳ್ಳೆಯವನಾಗಿರಲಿಲ್ಲ.

ನೀಲಿ ನೀರು, ಕಿತ್ತಳೆ ಸಿಪ್ಪೆ, ಕೀಂಯ್ ಡಬ್ಬ

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಬಟ್ಟೆಗೆ ಹಾಕುವ ನೀಲಿಯನ್ನು ನಾಲ್ಕು ಹನಿ ಬೆರೆಸಿ, ಪ್ಲಾಸ್ಟಿಕ್ ಬಾಟಲಿಗಳಲ್ಲಿ ತುಂಬಿ, ಮಡಿಯ ನಾಲ್ಕೂ ಮೂಲೆಗೆ ಇಟ್ಟೆ. ಈ ನೀಲಿ ನೀರಿನ ನಂಬಿಕೆ ನಮ್ಮಲ್ಲಿ ಯಾವಾಗ ಹುಟ್ಟಿತೋ, ನಮ್ಮ ಬೀದಿಯಲ್ಲಂತೂ ಗೇಟಿನ ಮುಂದೆ ಬಾಟಲಿ ಇಡದ ಮನೆ ಹುಡುಕಬೇಕು. ನಾಯಿ ಬರಲ್ಲ ಅಂತಾರೆ. ಕೆಲವರು ಕುಂಕುಮದ ನೀರು ಇಡುತ್ತಾರೆ. ನಾಯಿ ಬೆಕ್ಕುಗಳ ಕಣ್ಣಿಗೆ ಕೆಂಪು ಹಸಿರಿನ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ, ನೀಲಿ ಮಾತ್ರ ಚೆನ್ನಾಗಿಯೇ ಕಾಣುತ್ತದೆ. ಕಾಣುತ್ತದೆ ಅಂದ ಮಾತ್ರಕ್ಕೆ ಹೆದರಬೇಕು ಅಂತೇನಿಲ್ಲವಲ್ಲ. ತಮಾಷೆ ಅಂದರೆ ಜಪಾನಿನಲ್ಲೂ ಜನ ಬೆಕ್ಕು ಬರಬಾರದು ಅಂತ ಮನೆ ಮುಂದೆ ನೀರಿನ ಬಾಟಲಿ ಸಾಲಾಗಿ ಇಡುತ್ತಾರೆ. ಅಲ್ಲಿ ಬಣ್ಣ ಇಲ್ಲ, ಬರೀ ನೀರು. ಅಲ್ಲಿನ ಬೆಕ್ಕುಗಳೂ ಅದರ ಪಕ್ಕದಲ್ಲೇ ಮಲಗಿರುವ ಫೋಟೋಗಳು ಬೇಕಾದಷ್ಟು ಸಿಗುತ್ತವೆ.

ಪಕ್ಕದ ಮನೆ ಮೇಷ್ಟ್ರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ಅವರ ಗೇಟಿನ ಮುಂದೂ ಎರಡು ಬಾಟಲಿ. "ಸಾರ್, ಇದು ಕೆಲಸ ಮಾಡುತ್ತಾ?" ಅಂತ ಕೇಳಿದೆ. "ಎಲ್ಲಿ ಮಾಡುತ್ತಪ್ಪ! ಆದ್ರೆ ಎಲ್ರೂ ಇಟ್ಕೊಂಡು ನಾನೊಬ್ಬ ಇಡಲಿಲ್ಲ ಅನ್ಕೋ. ಬೀದಿ ನಾಯಿಗಳೆಲ್ಲ ನಮ್ಮನೆ ಮುಂದೆನೇ ಬಂದ್ರೆ?" ಅಂದರು. ವಿಜ್ಞಾನದ ಮೇಷ್ಟ್ರ ಈ ತರ್ಕವನ್ನು ನಾನು ಇವತ್ತಿಗೂ ಮುರಿಯಲು ಆಗಿಲ್ಲ.

ಆಮೇಲೆ ಕಿತ್ತಳೆ ಸಿಪ್ಪೆ. ಅದರ ಹುಳಿ ವಾಸನೆ ಬೆಕ್ಕಿಗೆ ಆಗುವುದಿಲ್ಲ ಎನ್ನುವುದು ನಿಜವೇ. ಆದರೆ ಸಿಪ್ಪೆ ಎರಡು ದಿನಕ್ಕೆ ಒಣಗುತ್ತದೆ, ವಾಸನೆಯೂ ಹೋಗುತ್ತದೆ. ಬೆಕ್ಕು ಮೂರನೇ ದಿನಕ್ಕೆ ಬರುತ್ತದೆ. ದಿನಾ ಸಿಪ್ಪೆ ಹಾಕಬೇಕೆಂದರೆ ದಿನಾ ಕಿತ್ತಳೆ ತಿನ್ನಬೇಕು. ಫಿಲ್ಟರಿನ ಕಾಫಿ ಚರಟ ಹಾಕಿದೆ. ಇರುವೆ ಬಂತು. ಮೆಣಸಿನಪುಡಿ ಹಾಕು ಅಂತ ಯಾರೋ ಹೇಳಿದರು. ಗಾಳಿಗೆ ಹಾರಿ ನನ್ನ ಕಣ್ಣಿಗೇ ಬಿತ್ತು. ನುಸಿಗುಳಿಗೆ ಇಡು ಅಂತ ಇನ್ನೊಬ್ಬರು ಹೇಳಿದರು, ಇಟ್ಟೂ ಆಯಿತು. ಆಮೇಲೆ ಓದಿದಾಗ ಗೊತ್ತಾಯಿತು, ಅದು ಬೆಕ್ಕಿಗೆ ವಿಷ. ಫಿನಾಯಿಲ್ ಕೂಡ ಹಾಗೆಯೇ. ಇಂಥ ಕೆಲವು ವಿಷಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ಕಡಿಮೆ. ಕಾಲಿಗೆ ಮೆತ್ತಿಕೊಂಡದ್ದನ್ನು ಅದು ನೆಕ್ಕಿ ಸ್ವಚ್ಛ ಮಾಡಿಕೊಳ್ಳುತ್ತದೆ, ಆಗ ಹೊಟ್ಟೆಗೆ ಹೋಗುತ್ತದೆ. ರಾತ್ರಿ ಹತ್ತು ಗಂಟೆಗೆ ಟಾರ್ಚ್ ಹಿಡಿದು ಗುಳಿಗೆಗಳನ್ನೆಲ್ಲ ಹೆಕ್ಕಿದೆ. ಬೆಕ್ಕು ಸತ್ತರೆ ಬಂಗಾರದ ಬೆಕ್ಕು ಮಾಡಿಸಿ ದಾನ ಕೊಡಬೇಕು ಅಂತ ಅಮ್ಮ ಒಳಗಿಂದ ನೆನಪಿಸುತ್ತಿದ್ದಳು. ಈಗಿನ ಬಂಗಾರದ ರೇಟಿಗೆ ಬೆಕ್ಕಿನ ಜೀವ ಎಷ್ಟು ಭದ್ರ ನೋಡಿ!

ಕೊನೆಗೆ ಆನ್‌ಲೈನಿನಲ್ಲಿ ಒಂದು ಡಬ್ಬ ತರಿಸಿದೆ. ಗೋಡೆಗೆ ಹೊಡೆಯುವಂಥದ್ದು. ಮುಂದೆ ಏನಾದರೂ ಅಲ್ಲಾಡಿದರೆ ಕೆಂಪು ದೀಪ ಮಿನುಗಿ, ಮನುಷ್ಯರಿಗೆ ಕೇಳದ ಶಬ್ದ ಹೊರಡಿಸುತ್ತದೆ. ನಮ್ಮ ಕಿವಿಗೆ ಹೆಚ್ಚೆಂದರೆ 20 ಸಾವಿರ ಹರ್ಟ್ಸ್‌ವರೆಗಿನ ಶಬ್ದ ಕೇಳುತ್ತದೆ. ಬೆಕ್ಕಿನ ಕಿವಿ 60 ಸಾವಿರವನ್ನೂ ದಾಟುತ್ತದೆ. ಇಲಿಗಳು ತಮ್ಮತಮ್ಮಲ್ಲೇ ಮಾತಾಡುವ ಸಣ್ಣ ಶಬ್ದ ಅದಕ್ಕೆ ಕೇಳಿಸಬೇಕಲ್ಲ. ಲೆಕ್ಕಾಚಾರ ಸರಿಯಾಗಿಯೇ ಇದೆ ಅನ್ನಿಸಿತು. ಮೊದಲ ದಿನ ಬೂದು ಬೆಕ್ಕು ಡಬ್ಬದ ಮುಂದೆ ಬಂದು, ಕಿವಿ ಹಿಂದಕ್ಕೆ ಮಡಚಿ, ಛಂಗನೆ ಹಾರಿ ಹೋಯಿತು. ನಾನು ಅಡುಗೆಮನೆ ಕಿಟಕಿಯಲ್ಲಿ ನಿಂತು ಕೈಕೈ ಉಜ್ಜಿಕೊಂಡೆ, ಖುಷಿಗೆ. ಒಂದು ವಾರಕ್ಕೆ ಅದೇ ಬೆಕ್ಕು ಡಬ್ಬದ ಕೆಳಗೆ, ಬಿಸಿಲು ಬೀಳುವ ಜಾಗದಲ್ಲಿ, ಹೊಟ್ಟೆ ಮೇಲೆ ಮಾಡಿ ಮಲಗಿತ್ತು. ಕೆಂಪು ದೀಪ ಪಕಪಕ ಅನ್ನುತ್ತಲೇ ಇತ್ತು.

ಹಿತ್ತಲಿಗೆ ಬರುವುದನ್ನು ನಿಲ್ಲಿಸಿದ್ದು ಬೆಕ್ಕಲ್ಲ, ನನ್ನ ಮಗಳು. "ಅಪ್ಪ, ಅಲ್ಲಿ ಕೀಂಯ್ ಅನ್ನುತ್ತೆ, ತಲೆನೋವು ಬರುತ್ತೆ" ಅಂದಳು. ಎಂಟು ವರ್ಷದವಳು. ಮಕ್ಕಳ ಕಿವಿ ದೊಡ್ಡವರದಕ್ಕಿಂತ ಚುರುಕು, ನಮಗೆ ಕೇಳದ ಎತ್ತರದ ಶಬ್ದ ಅವರಿಗೆ ಕೇಳಿಸುತ್ತದೆ. ಚಿಕ್ಕು ಮರದ ಕೆಳಗೆ ಅವಳು ಹಾಕಿಕೊಂಡಿದ್ದ ಅಡುಗೆ ಆಟದ ಸಾಮಾನುಗಳು ಹಾಗೇ ಬಿದ್ದಿದ್ದವು. ಅವಳು ಆಡಲು ಬರದೇ ಎಷ್ಟು ದಿನವಾಗಿತ್ತು ಅಂತ ನಾನು ಗಮನಿಸಿರಲೇ ಇಲ್ಲ. ಡಬ್ಬ ಕಿತ್ತು ಅಟ್ಟಕ್ಕೆ ಹಾಕಿದೆ.

ಬೆರ್ಚಪ್ಪನಿಗೆ ಜಾಮೀನು

ಹೆದರಿಸುವ ವಿದ್ಯೆ ನನಗೆ ಹೊಸದಲ್ಲ. ಏಳೆಂಟನೇ ವಯಸ್ಸಿನಲ್ಲೇ ಸಂಬಳಕ್ಕೆ ಈ ಕೆಲಸ ಮಾಡಿದವನು. ತೀರ್ಥಹಳ್ಳಿ ಹತ್ತಿರದ ಅಜ್ಜಿ ಮನೆಯಲ್ಲಿ ಏಪ್ರಿಲ್ ಬಂತೆಂದರೆ ಹಲಸಿನ ಹಪ್ಪಳದ ಕಾಲ. ಬೇಯಿಸಿದ ತೊಳೆಯನ್ನು ಒರಳಲ್ಲಿ ಜಜ್ಜಿ, ಉಂಡೆ ಕಟ್ಟಿ, ಮಣೆಯ ಮೇಲೆ ಒತ್ತಿ, ಅಂಗಳದ ಚಾಪೆಗಳ ಮೇಲೆ ಸಾಲಾಗಿ ಹರಡುತ್ತಿದ್ದರು. ಹಪ್ಪಳ ಒಣಗುವವರೆಗೆ ಕಾಗೆ, ಕೋಳಿ, ಪಕ್ಕದ ಮನೆ ಕರು, ಇವನ್ನೆಲ್ಲ ಕಾಯುವುದು ಮಕ್ಕಳ ಕೆಲಸ. ಸಂಬಳ ಅಂದರೆ ಅರ್ಧ ಒಣಗಿದ ಹಪ್ಪಳ. ಅದರ ಅಂಟು ರುಚಿಗೆ ಕರಿದ ಹಪ್ಪಳ ಯಾವ ಲೆಕ್ಕ? ಕಾಯುವವರೇ ಕದ್ದು ತಿನ್ನುತ್ತಿದ್ದದ್ದು ಕಾಗೆಗಿಂತ ಜಾಸ್ತಿ ಅಂತ ಅಜ್ಜಿಗೂ ಗೊತ್ತಿತ್ತು.

ಮಧ್ಯಾಹ್ನ ನಮಗೆ ನಿದ್ದೆ ಬರುವ ಹೊತ್ತಿಗೆ ಬೆರ್ಚಪ್ಪ ಡ್ಯೂಟಿಗೆ ಬರುತ್ತಿದ್ದ. ಎರಡು ಕೋಲು, ಮಾವನ ಹರಿದ ಖಾಕಿ ಅಂಗಿ, ತಲೆಗೆ ತೂತು ಬಿದ್ದ ಮಡಕೆ, ಸುಣ್ಣದಲ್ಲಿ ಬರೆದ ಕಣ್ಣು. ಮೊದಲ ದಿನ ಕಾಗೆಗಳು ತೆಂಗಿನಮರದ ಮೇಲಿಂದಲೇ ಕೂಗಿದವು. ಎರಡನೇ ದಿನ ಕೆಳಗಿಳಿದು ದೂರದಲ್ಲಿ ಕುಪ್ಪಳಿಸಿದವು. ನಾಲ್ಕನೇ ದಿನ ನಾನು ಕಣ್ಣುಜ್ಜಿಕೊಂಡು ಜಗಲಿಗೆ ಬಂದರೆ ಒಂದು ಕಾಗೆ ಬೆರ್ಚಪ್ಪನ ತಲೆ ಮೇಲೆ ಕೂತು, ಬಾಯಲ್ಲಿ ಹಪ್ಪಳ ಕಚ್ಚಿಕೊಂಡು, ನನ್ನನ್ನೇ ನೋಡುತ್ತಿತ್ತು.

ಅಜ್ಜಿ ಬೈಯಲಿಲ್ಲ. ಒಳಗೆ ಹೋಗಿ ತನ್ನದೇ ಒಂದು ಹಳೆಯ ಸೀರೆ ತಂದಳು. ಕಂದು ಬಣ್ಣದ್ದು, ಅಂಚು ಪಿಸಿದದ್ದು. ಬೆರ್ಚಪ್ಪನ ಅಂಗಿ ಬಿಚ್ಚಿ ಸೀರೆ ಸುತ್ತಿ, ಮಡಕೆಗೆ ಸೆರಗು ಹೊದಿಸಿ, ಕೋಲನ್ನು ಕಿತ್ತು ಅಂಗಳದ ಇನ್ನೊಂದು ಮೂಲೆಗೆ ನೆಟ್ಟಳು. ಮರುದಿನ ಅದೇ ಬಣ್ಣದ ಇನ್ನೊಂದು ಸೀರೆ ಉಟ್ಟು, ಬೆರ್ಚಪ್ಪನ ಪಕ್ಕದಲ್ಲೇ ಮಣೆ ಹಾಕಿಕೊಂಡು, ಹಾಗೇ ಅಲ್ಲಾಡದೆ ಕೂತಳು. ಕಾಗೆಯೊಂದು ಇಳಿಯಿತು. ಎರಡು ಬೆರ್ಚಪ್ಪ ಇದೆ ಅಂದುಕೊಂಡಿತೋ ಏನೋ. ಚಾಪೆ ಹತ್ತಿರ ಬಂದದ್ದೇ ತಡ, ಒಂದು ಬೆರ್ಚಪ್ಪ "ಹುಶ್!" ಅಂತ ಎದ್ದು ಕೋಲು ಬೀಸಿತು. ನಾವು ನಕ್ಕೂ ನಕ್ಕೂ ಬಿದ್ದೆವು. ಆಮೇಲೆ ಅಜ್ಜಿ ಒಳಗೆ ಹೋದಳು, ಬೆರ್ಚಪ್ಪ ಒಬ್ಬನೇ ಉಳಿದ. ಉಳಿದ ಬೇಸಿಗೆಯೆಲ್ಲ ಕಾಗೆಗಳಿಗೆ ಯಾವುದು ಅಜ್ಜಿ, ಯಾವುದು ಕೋಲು ಅಂತ ಧೈರ್ಯವಾಗಿ ಹೇಳಲು ಆಗಲಿಲ್ಲ. ದಿನಕ್ಕೊಂದು ಸಲವಾದರೂ ಅಜ್ಜಿ ಅಲ್ಲಿ ಹೋಗಿ ಕೂರುತ್ತಿದ್ದಳು. ಬೆರ್ಚಪ್ಪನ ಸಾಲಕ್ಕೆ ಅಜ್ಜಿ ಜಾಮೀನು.

ಕಾಗೆಗಳು ಮನುಷ್ಯರ ಮುಖ ಗುರುತಿಟ್ಟುಕೊಳ್ಳುತ್ತವೆ ಅಂತ ಅಮೆರಿಕದ ಸಿಯಾಟಲ್‌ನಲ್ಲಿ ಮುಖವಾಡ ಹಾಕಿಕೊಂಡು ಕಾಗೆ ಹಿಡಿದು ಪರೀಕ್ಷೆ ಮಾಡಿದ್ದಾರೆ. ಹಿಡಿದವನ ಮುಖವಾಡ ಕಂಡರೆ ವರ್ಷಗಳ ಮೇಲೂ ಅವು ಗುಂಪು ಕಟ್ಟಿ ಬೈಯುತ್ತಿದ್ದವಂತೆ. ಅಜ್ಜಿ ಇದನ್ನು ಓದಿರಲಿಲ್ಲ. ಮಾವನ ಅಂಗಿಗೆ ಕಾಗೆ ಯಾಕೆ ಹೆದರಲಿಲ್ಲ ಅಂತ ಮಾತ್ರ ಅವಳಿಗೆ ಗೊತ್ತಿತ್ತು: "ನಿನ್ನ ಮಾವ ಒಂದಿನ ಆದ್ರೂ ಕಾಗೆ ಓಡ್ಸಿದ್ದಾನಾ?"

2019ರಲ್ಲಿ ಅದೇ ತೀರ್ಥಹಳ್ಳಿ ತಾಲ್ಲೂಕಿನ ರೈತರೊಬ್ಬರು ಮಂಗಗಳ ಕಾಟಕ್ಕೆ ಬೇಸತ್ತು ತಮ್ಮ ನಾಯಿಗೆ ಹುಲಿಯ ಪಟ್ಟೆ ಬಳಿದ ಸುದ್ದಿ ನಿಮಗೆ ನೆನಪಿರಬಹುದು. ದೇಶದ ಪೇಪರುಗಳಲ್ಲೆಲ್ಲ ಆ ನಾಯಿಯ ಫೋಟೋ ಬಂದಿತ್ತು. ನಾನೂ ಎಲ್ಲರ ಹಾಗೆ ನಕ್ಕು ಫಾರ್ವರ್ಡ್ ಮಾಡಿದ್ದೆ. ಈಗ ಅನ್ನಿಸುತ್ತದೆ, ಆ ಮನುಷ್ಯನಿಗೆ ನನ್ನ ಅಜ್ಜಿಯ ಬುದ್ಧಿ ಇತ್ತು. ಅವರು ಮೊದಲು ಹುಲಿಯ ಗೊಂಬೆ ಇಟ್ಟು ನೋಡಿದ್ದರು. ಗೊಂಬೆ ಬಿಸಿಲಿಗೆ ಬಣ್ಣ ಕಳೆದುಕೊಳ್ಳುತ್ತದೆ, ಕೂತಲ್ಲೇ ಕೂತಿರುತ್ತದೆ. ನಾಯಿ ಹಾಗಲ್ಲ, ತೋಟದಲ್ಲಿ ಓಡಾಡುತ್ತದೆ, ಬೊಗಳುತ್ತದೆ. ಹುಲಿಯೋ ಅಲ್ಲವೋ, ಅಟ್ಟಿಸಿಕೊಂಡಂತೂ ಬರುತ್ತದೆ.

ತೆನಾಲಿರಾಮನ ಬೆಕ್ಕು

ತೆನಾಲಿರಾಮ ಬೆಕ್ಕಿಗೆ ಕುದಿಯುವ ಹಾಲು ಇಟ್ಟ ಕಥೆ ಎಲ್ಲರಿಗೂ ಗೊತ್ತು. ಒಂದೇ ಸಲ ಬಾಯಿ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲಿನ ಬಟ್ಟಲು ಕಂಡರೇ ಓಡುತ್ತಿತ್ತು. ಚಿಕ್ಕವನಿದ್ದಾಗ ನಗು ಬರುತ್ತಿದ್ದ ಕಥೆ. ಈಗ ಓಡಿಸುವವನ ಜಾಗದಲ್ಲಿ ನಿಂತು ನೋಡಿದರೆ ಅದರೊಳಗಿನ ಕ್ರೌರ್ಯ ಕಾಣುತ್ತದೆ. ಸುಳ್ಳು ಹೆದರಿಕೆ ನಾಲ್ಕು ದಿನ, ಸುಟ್ಟರೆ ಜೀವನಪೂರ್ತಿ. ಬಾಟಲಿ, ಸಿಪ್ಪೆ, ಡಬ್ಬ ಎಲ್ಲಾ ಸೋತ ಮೇಲೆ ಮನಸ್ಸು ಮೆಲ್ಲಗೆ ಆ ಕಡೆಗೇ ಜಾರುತ್ತದೆ. ಬಿಸಿನೀರು ಎರಚಿದರೆ? ಒಂದು ಕಲ್ಲು ಸರಿಯಾಗಿ ತಗುಲಿದರೆ?

ಊರಲ್ಲಿ ಮಾವನ ಮಗ ಮಂಗಗಳಿಗೆ ಅಂತ ಪೈಪಿನ ಗನ್ ಮಾಡಿಸಿಕೊಂಡಿದ್ದಾನೆ. ಪಿವಿಸಿ ಪೈಪಿನೊಳಗೆ ಕಾರ್ಬೈಡ್ ಚೂರು, ನಾಲ್ಕು ಹನಿ ನೀರು, ಏಳುವ ಗ್ಯಾಸಿಗೆ ಲೈಟರಿನ ಕಿಡಿ. ಢಂ ಅಂತ ಇಡೀ ಕಣಿವೆ ಅದುರುತ್ತದೆ. ಮಂಗಗಳು ಓಡುತ್ತವೆ, ಪಕ್ಕದ ತೋಟಕ್ಕೆ. ಪಕ್ಕದ ತೋಟದವನ ಹತ್ತಿರವೂ ಒಂದು ಗನ್ ಇದೆ. ಮಂಗಗಳು ವಾಪಸ್ ಬರುತ್ತವೆ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಇದನ್ನೇ ಪಟಾಕಿ ಅಂತ ಹೊಡೆಯಲು ಹೋಗಿ ಎಷ್ಟೋ ಮಕ್ಕಳು ಕಣ್ಣಿಗೆ ಪೆಟ್ಟು ಮಾಡಿಕೊಂಡ ಸುದ್ದಿ ಬಂದಾಗ ಅವನಿಗೆ ಫೋನ್ ಮಾಡಿದ್ದೆ. "ಗೊತ್ತು ಮಾರಾಯ. ಆದ್ರೆ ಬಾಳೆಗೊನೆ ನೀನು ಬಂದು ಕಾಯ್ತೀಯಾ?" ಅಂದ. ಅವನ ಮಾತಿನಲ್ಲಿದ್ದ ಪ್ರಶ್ನೆ ನನಗೆ ಆಗ ಸರಿಯಾಗಿ ಕೇಳಿಸಲಿಲ್ಲ.

ಒಂದು ರಾತ್ರಿ ನಾನೂ ಕೈಯೆತ್ತಿದೆ. ಹನ್ನೊಂದು ಗಂಟೆ ಇರಬಹುದು, ಹಿತ್ತಲಲ್ಲಿ ಸರಸರ ಸದ್ದು. ಬಾಗಿಲು ತೆಗೆದರೆ ಬೂದು ಬೆಕ್ಕು ಮಡಿಯ ನಡುವೆ. ಕೈಗೆ ಸಿಕ್ಕಿದ್ದು ತೆಂಗಿನ ಕರಟ, ಬೀಸಿ ಒಗೆದೆ. ನನ್ನ ಗುರಿ ಮಕ್ಕಳ ಕ್ರಿಕೆಟ್ಟಿನಲ್ಲೂ ಯಾರೂ ನಂಬದಂಥದ್ದು. ಆವತ್ತು ಮಾತ್ರ ಸರಿಯಾಗಿ ಪಕ್ಕೆಗೆ ತಗುಲಿತು. ಬೆಕ್ಕು ಕೂಗಿತು. ಆದರೆ ಕಾಂಪೌಂಡಿನ ಕಡೆಗೆ ಓಡಲಿಲ್ಲ. ಅದು ಓಡಿದ್ದು ಹಿತ್ತಲ ಮೂಲೆಯಲ್ಲಿರುವ ಹಳೆ ಬಚ್ಚಲಮನೆಗೆ.

ಟಾರ್ಚ್ ಹಾಕಿದೆ. ಅಪ್ಪ ಕಟ್ಟಿಸಿದ ಬಚ್ಚಲು ಅದು. ಹಂಡೆ ಮಾರಿ ಹತ್ತು ವರ್ಷವಾಯಿತು, ಒಲೆ ಹಾಗೇ ಇದೆ. ಒಲೆಯ ಬಾಯೊಳಗೆ, ಹಳೆ ಬೂದಿ ಮೇಲೆ, ಮೂರು ಮರಿ. ಇನ್ನೂ ಕಣ್ಣು ಬಿಟ್ಟಿರಲಿಲ್ಲ, ಅಂದರೆ ಹುಟ್ಟಿ ವಾರವೂ ಆಗಿರಲಿಲ್ಲವೇನೋ. ತಾಯಿ ಅವುಗಳ ಮುಂದೆ ನಿಂತು ಬೆನ್ನು ಬಿಲ್ಲು ಮಾಡಿ ನನ್ನತ್ತ ಬುಸ್ ಅಂದಿತು. ಹೆದರಿಸುವುದು ಹೇಗೆ ಅಂತ ಅದಕ್ಕೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಒಲೆಯಲ್ಲಿ ಬೆಕ್ಕು ಮಲಗಿರೋ ಮನೆ" ಅಂತ ಅಜ್ಜಿ ಆಗಾಗ ಹೇಳುತ್ತಿದ್ದಳು. ಅಡುಗೆಗೆ ಗತಿಯಿಲ್ಲದ, ಉರಿ ಕಾಣದ ಮನೆಗೆ ಆ ಮಾತು. ನಮಗೆ ಅನ್ನಕ್ಕೆ ಕೊರತೆ ಇಲ್ಲ. ಮೇಲೆ ಸೋಲಾರ್ ಇದೆ, ಮೋಡ ಇದ್ದರೆ ಗೀಸರ್ ಇದೆ. ಆದರೂ ಆ ಮಾತು ರಾತ್ರಿಯೆಲ್ಲ ತಲೆಯಲ್ಲಿ ಕೂತಿತ್ತು.

ಒಂದು ಲೆಕ್ಕ

ಮರುದಿನ ಹಿಂದಿನ ಬೀದಿಯ ಆಂಟಿ ಹತ್ತಿರ ಹೋದೆ. ಬೆಕ್ಕುಗಳಿಗೆ ಅನ್ನ, ಮೀನಿನ ತಲೆ ಹಾಕುವವರು ಅವರೇ. ಅದು ಬೀದಿಗೆಲ್ಲ ಗೊತ್ತು. ನಿಜ ಹೇಳಬೇಕೆಂದರೆ ಜಗಳಕ್ಕೇ ತಯಾರಾಗಿ ಹೋಗಿದ್ದೆ. "ಆಂಟಿ, ನೀವು ಊಟ ಹಾಕ್ತೀರಿ, ಅವು ಕಕ್ಕಸಿಗೆ ನಮ್ಮನೆಗೆ ಬರ್ತವೆ" ಅಂದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ನಮ್ಮ ಹಿತ್ತಲಲ್ಲೂ ಮಣ್ಣಿದೆ ಕಣಪ್ಪ. ಬಸಳೆ ಚಪ್ಪರ ಇದೆ, ಮಲ್ಲಿಗೆ ಇದೆ. ಒಂದಿನಾನೂ ಗಲೀಜು ಮಾಡಿಲ್ಲ. ನಾನು ಇಡೀ ದಿನ ಅಲ್ಲೇ ಇರ್ತೀನಲ್ಲ. ನಿಮ್ಮನೆ ಹಿತ್ತಲಿಗೆ ಯಾರೂ ಬರಲ್ಲ ಅಂತ ಅವಕ್ಕೆ ಗೊತ್ತಾಗೋಗಿದೆ" ಅಂದರು. ಆಮೇಲೆ "ಕಾಫಿ ಕುಡೀತೀಯಾ?" ಅಂದರು. ಕುಡಿದೆ.

ಮನೆಗೆ ಬಂದು ಅಮ್ಮನನ್ನು ಕೂರಿಸಿಕೊಂಡು ಲೆಕ್ಕ ಹಾಕಿದೆ. ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಈ ಹಿತ್ತಲಿಗೆ ದಿನಕ್ಕೆ ಎಷ್ಟು ಸಲ ಜನ ಬರುತ್ತಿದ್ದರು? ಬೆಳಗಿನ ಐದಕ್ಕೆ ಅಪ್ಪ ಬಚ್ಚಲ ಒಲೆಗೆ ಉರಿ ಹಾಕಲು. ಎಲ್ಲರೂ ಹಲ್ಲುಜ್ಜಲು. ಕಕ್ಕಸಿಗೆ, ಅದೂ ಹಿಂದೆಯೇ ಇತ್ತು. ಬಾವಿ ನೀರು ಸೇದಲು. ಒಬ್ಬೊಬ್ಬರಾಗಿ ಸ್ನಾನಕ್ಕೆ, ಪ್ರತಿಯೊಬ್ಬರಿಗೂ ಮುಂಚೆ ಸೌದೆ ಮುಂದೂಡಲು ಅಮ್ಮ. ಪೂಜೆಗೆ ದಾಸವಾಳ, ಒಗ್ಗರಣೆಗೆ ಕರಿಬೇವು, ಅಕ್ಕಿ ತೊಳೆದ ನೀರು ತೆಂಗಿನ ಬುಡಕ್ಕೆ. ಪಾತ್ರೆ ತೊಳೆಯಲು ಎರಡು ಹೊತ್ತು. ಒಗೆಯುವ ಕಲ್ಲಿನ ಹತ್ತಿರ ಒಂದು ಗಂಟೆ, ಒಣಗಲು ಹಾಕಲು ಒಂದು ಸಲ, ಮಳೆ ಹನಿ ಬಿತ್ತೆಂದು ಓಡಿ ಬಂದು ತೆಗೆಯಲು ಇನ್ನೊಂದು ಸಲ. ಕಾಯಿ ಸುಲಿಯಲು. ಸಂಜೆ ಆಟ ಮುಗಿಸಿ ಕಾಲು ತೊಳೆಯಲು. ಐವತ್ತು ದಾಟಿದ ಮೇಲೆ ಅಮ್ಮ ಎಣಿಸುವುದನ್ನು ಬಿಟ್ಟಳು. "ಹಿತ್ತಲು ಬೇರೆ ಮನೆ ಬೇರೆ ಅಂತ ಎಲ್ಲಿತ್ತು?" ಅಂದಳು.

ಈಗ? ವಾಷಿಂಗ್ ಮೆಷಿನ್ ಒಳಗೆ ಬಂತು. ಪಾತ್ರೆ ಸಿಂಕಿಗೆ ಬಂತು. ಬಾವಿಗೆ ಮೋಟಾರು, ಅದರ ಸ್ವಿಚ್ಚು ಅಡುಗೆಮನೆಯಲ್ಲಿ. ಬಟ್ಟೆ ಟೆರೇಸಿಗೆ. ಕಕ್ಕಸು ಬಚ್ಚಲು ಎರಡೂ ಮಲಗುವ ಕೋಣೆಯೊಳಗೆ. ಕೊನೆಗೆ ಉಳಿದಿದ್ದವಳು ಅಮ್ಮ ಒಬ್ಬಳೇ. ದಿನಕ್ಕೆ ಐದಾರು ಸಲ ಹೂವಿಗೋ ಸೊಪ್ಪಿಗೋ ಸುಮ್ನೆ ಗಾಳಿಗೋ ಹೋಗುತ್ತಿದ್ದಳು. ಹೋದ ವರ್ಷ ಅವಳ ಮಂಡಿ ಆಪರೇಷನ್ ಆಯಿತು. ಹಿಂದಿನ ಬಾಗಿಲಿಗೆ ಮೂರು ಮೆಟ್ಟಿಲು, ವಾಕರ್ ಇಳಿಯುವುದಿಲ್ಲ. ಅಲ್ಲಿಗೆ ಹಿತ್ತಲು ಪೂರ್ತಿ ಖಾಲಿಯಾಯಿತು. ಬೆಕ್ಕು ಮೊದಲ ಸಲ ಕಾಣಿಸಿಕೊಂಡದ್ದು ಯಾವಾಗ ಅಂತ ಕೇಳಿದರೆ ಹೆಂಡತಿ ಹೇಳಿದ ತಿಂಗಳೂ ಅಮ್ಮ ಆಸ್ಪತ್ರೆಯಿಂದ ಬಂದ ತಿಂಗಳೂ ಒಂದೇ.

ಹೀಗೆ ಖಾಲಿಯಾದ ಜಾಗಕ್ಕೆ ಬೆಕ್ಕು ಒಂದೇ ಬಂದಿಲ್ಲ. ಒಗೆಯುವ ಕಲ್ಲಿನ ಕೆಳಗೆ ಹೆಗ್ಗಣ ಬಿಲ ತೋಡಿದೆ. (ಇಂಗ್ಲಿಷಿನವರು ಹೆಗ್ಗಣಕ್ಕೆ ಬ್ಯಾಂಡಿಕೂಟ್ ಅನ್ನುತ್ತಾರಲ್ಲ, ಅದು ತೆಲುಗಿನ ಪಂದಿಕೊಕ್ಕುವಿನಿಂದ ಹೋದ ಮಾತು. ಹಂದಿಯಂಥ ಇಲಿ ಅಂತ. ನಮ್ಮ ಹಿತ್ತಲಿನದನ್ನು ನೋಡಿದರೆ ಹೆಸರಿಟ್ಟವರ ಮೇಲೆ ಗೌರವ ಬರುತ್ತದೆ.) ವಾರಕ್ಕೊಮ್ಮೆ ಮಂಗಗಳ ಹಿಂಡು ಚಿಕ್ಕು ಮರಕ್ಕೆ ಬಂದು, ಕಾಯಿಗಳನ್ನು ಒಂದೊಂದೇ ಕಚ್ಚಿ, ಹಣ್ಣಾಗಿಲ್ಲ ಅಂತ ಎಸೆದು ಹೋಗುತ್ತದೆ. ಇವುಗಳ ಬಗ್ಗೆ ನನ್ನ ಹತ್ತಿರ ಉಪಾಯವೇನೂ ಇಲ್ಲ. ಬೆಕ್ಕು ಇರುವುದರಿಂದ ಹೆಗ್ಗಣ ಹೋಗುತ್ತದೆ ಅಂತಲೂ ಭ್ರಮೆ ಬೇಡ. ದೊಡ್ಡ ಹೆಗ್ಗಣವನ್ನು ಕಂಡರೆ ನಮ್ಮ ಬೂದು ಬೆಕ್ಕು ದಾರಿ ಬಿಟ್ಟು ನಿಲ್ಲುತ್ತದೆ, ನಾನೇ ನೋಡಿದ್ದೇನೆ.

ಹುಶ್

ಮರಿಗಳು ಇರುವವರೆಗೆ ಓಡಿಸುವ ಮಾತು ಬೇಡ ಅಂತ ಮನೆಯಲ್ಲಿ ತೀರ್ಮಾನ ಆಯಿತು. ತೀರ್ಮಾನ ಮಾಡಿದ್ದು ಮಗಳು. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎನ್ನುವ ಮಾತಿದೆಯಲ್ಲ, ಹಾಗೇ ನಾಲ್ಕನೇ ದಿನಕ್ಕೆ ತಾಯಿ ಒಂದೊಂದನ್ನೇ ಕುತ್ತಿಗೆಯಲ್ಲಿ ಕಚ್ಚಿಕೊಂಡು ಮೇಷ್ಟ್ರ ಮನೆ ಶೆಡ್ಡಿಗೆ ಸಾಗಿಸಿತು. ನನ್ನ ಕರಟದ ಪೆಟ್ಟಿಗೂ ಅದಕ್ಕೂ ಸಂಬಂಧ ಇದೆಯೋ ಇಲ್ಲವೋ. ಇದೆ ಅಂತಲೇ ನನಗೆ ಅನ್ನಿಸುವುದು. ಮೇಷ್ಟ್ರು ತಮ್ಮ ನೀಲಿ ಬಾಟಲಿಯ ಪಕ್ಕದಲ್ಲಿ ಈಗ ಹಾಲಿನ ತಟ್ಟೆ ಇಡುತ್ತಾರೆ.

ಕೊತ್ತಂಬರಿಗೆ ಏನು ಮಾಡಿದೆ ಅಂತ ಕೇಳುವವರಿಗೆ: ಬೀಜ ಹಾಕಿದ ಕೂಡಲೇ ಮಡಿಯ ಮೇಲೆ ಕೋಳಿ ಮೆಶ್ ಮಲಗಿಸಿ ಕಲ್ಲು ಹೇರಿದೆ. ಸಸಿ ಅದರ ಸಂದಿನಿಂದ ಮೇಲೆ ಬರುತ್ತದೆ, ಬೆಕ್ಕಿಗೆ ಕೆದರಲು ಆಗುವುದಿಲ್ಲ. ಮಿಕ್ಕ ಜಾಗಕ್ಕೆ ನಿಂಬೆಯ ಮುಳ್ಳುಕಡ್ಡಿ. ಇದು ಹೆದರಿಸುವುದಲ್ಲ, ಬರೀ ಅಡ್ಡ ಹಾಕುವುದು. ಅದಕ್ಕೇ ಇರಬೇಕು, ಹಳತಾಗುವುದಿಲ್ಲ. ಕೈಗೆ ಗ್ಲೌಸ್ ಹಾಕಿಕೊಂಡೇ ಮಣ್ಣು ಮುಟ್ಟುತ್ತೇನೆ, ಸೊಪ್ಪನ್ನು ಚೆನ್ನಾಗಿ ತೊಳೆಯುತ್ತೇವೆ. ಬೆಕ್ಕಿನ ಕಕ್ಕದಲ್ಲಿ ಟಾಕ್ಸೊಪ್ಲಾಸ್ಮಾ ಎನ್ನುವ ಪರಾವಲಂಬಿ ಜೀವಿ ಇರಬಹುದು. ಅದು ಬಸುರಿಯರಿಗೆ ಒಳ್ಳೆಯದಲ್ಲ. ಹೊರಬಂದ ಒಂದರಿಂದ ಐದು ದಿನದೊಳಗೆ ಅದು ಅಂಟುವ ಸ್ಥಿತಿಗೆ ಬರುತ್ತದೆ. ಹಾಗಾಗಿ ಕಂಡ ದಿನವೇ ತೆಗೆದು ಹಾಕುವುದು ಕ್ಷೇಮ. ಆಂಟಿ ಮತ್ತು ನಾನು ಸೇರಿ ಬೂದು ಬೆಕ್ಕಿಗೆ ಮರಿ ಆಗದ ಹಾಗೆ ಆಪರೇಷನ್ ಮಾಡಿಸುವ ಮಾತು ನಡೆದಿದೆ. ಖರ್ಚು ಅರ್ಧರ್ಧ. ಬೆಕ್ಕನ್ನು ಹಿಡಿಯುವವರು ಯಾರು ಅನ್ನುವಲ್ಲಿ ಮಾತು ನಿಂತಿದೆ. ಗಂಟೆ ಕಟ್ಟುವುದಕ್ಕಿಂತ ಇದು ಕಷ್ಟ.

ಇನ್ನೊಂದು ಉಪಾಯ ಅಮ್ಮನದು. ಮನೆ ರಿಪೇರಿಯಲ್ಲಿ ಉಳಿದಿದ್ದ ಮರಳನ್ನು ಬಚ್ಚಲಮನೆಯ ಹಿಂದೆ ಎರಡು ಬುಟ್ಟಿಯಷ್ಟು ಸುರಿಸಿದಳು. "ಅದಕ್ಕೂ ಒಂದು ಜಾಗ ಬೇಕಲ್ವಾ? ಬೇಡ ಬೇಡ ಅಂತ ಬರೀ ಓಡ್ಸಿದ್ರೆ ಎಲ್ಲಿಗೆ ಹೋಗು ಅಂತ ಹೇಳ್ದಂಗಾಯ್ತು?" ಮನೆ ಕಟ್ಟುವ ಕಡೆ ಮರಳಿನ ರಾಶಿಯ ಗತಿ ಏನಾಗುತ್ತದೆ ಅಂತ ಎಲ್ಲರೂ ನೋಡಿದ್ದೇವೆ, ಆದರೂ ನನಗೆ ಹೊಳೆದಿರಲಿಲ್ಲ. ಬೆಕ್ಕು ಎರಡೇ ದಿನಕ್ಕೆ ಮರಳನ್ನು ಒಪ್ಪಿಕೊಂಡಿತು. ದಿನಾ ಸಲಿಕೆಯಲ್ಲಿ ತೆಗೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.

ಮೆಟ್ಟಿಲ ಮೇಲೆ ಹಲಗೆ ಹಾಸಿ, ಪಕ್ಕಕ್ಕೆ ಹಿಡಿದುಕೊಳ್ಳಲು ಪೈಪು ಹಾಕಿಸಿದ್ದೇವೆ. ಬೆಕ್ಕು ಓಡಿಸಲು ನಾನು ತರಿಸಿದ ಸಾಮಾನುಗಳ ಖರ್ಚಿಗಿಂತ ಇದು ಕಡಿಮೆಯೇ ಆಯಿತು. ಈಗ ಅಮ್ಮ ಬೆಳಿಗ್ಗೆ ಒಂಬತ್ತಕ್ಕೆ ವಾಕರ್ ಹಿಡಿದು ನಿಧಾನವಾಗಿ ಇಳಿದು, ಒಗೆಯುವ ಕಲ್ಲಿನ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಾಳೆ. ಅವರೆಕಾಯಿ ಬಿಡಿಸುತ್ತಾಳೆ, ಪೇಪರ್ ಓದುತ್ತಾಳೆ, ಒಂದೊಂದು ಸಲ ಹಾಗೇ ತೂಕಡಿಸುತ್ತಾಳೆ. ಮಗಳ ಅಡುಗೆ ಆಟ ಮತ್ತೆ ಚಿಕ್ಕು ಮರದ ಕೆಳಗೆ ಶುರುವಾಗಿದೆ. ಬೂದು ಬೆಕ್ಕು ಕಾಂಪೌಂಡಿನ ಮೇಲೆ ಕಾಲು ಮಡಚಿ ಕೂತು ಇಬ್ಬರನ್ನೂ ನೋಡುತ್ತಿರುತ್ತದೆ.

ನಿನ್ನೆ ಕಿಟಕಿಯಿಂದ ನೋಡಿದೆ. ಅಮ್ಮನ ತಲೆ ಎದೆಗೆ ಬಾಗಿತ್ತು, ಮೊರ ಮಡಿಲಲ್ಲಿ ಓರೆಯಾಗಿತ್ತು. ಕಂದು ಸೀರೆ. ಬೆಕ್ಕು ಗೋಡೆಯಿಂದ ಇಳಿಯಿತು. ಒಂದು ಹೆಜ್ಜೆ, ನಿಂತಿತು. ಇನ್ನೊಂದು ಹೆಜ್ಜೆ. ಮಡಿಯ ಅಂಚಿನಲ್ಲಿ ಮೂತಿ ಚಾಚಿ ಮೆಶ್ಶನ್ನು ಮೂಸಿತು. ಕುರ್ಚಿಯ ಕಡೆ ತಿರುಗಿ ತುಂಬಾ ಹೊತ್ತು ನೋಡಿತು, ಇದು ಯಾವುದು ಅಂತ ತಿಳಿಯದ ಹಾಗೆ.

"ಹುಶ್" ಅಂದಳು ಅಮ್ಮ, ಕಣ್ಣು ಬಿಡದೆಯೇ.